ಪರೀಕ್ಷೆಯ ದಿನವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುವ ವ್ಯವಸ್ಥೆ

ಮಂಡಳಿಯ ವೇಳಾಪಟ್ಟಿ ಪ್ರಕಟವಾದರೆ ಸಾಕು, ದಾವಣಗೆರೆಯ ಮನೆಗಳಲ್ಲಿ ಮದುವೆ, ಪ್ರವಾಸಗಳೆಲ್ಲ ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತವೆ. ಇಡೀ ರಾಜ್ಯದ ಮಕ್ಕಳು ಒಂದೇ ದಿನ, ಒಂದೇ ಹೊತ್ತಿಗೆ ಪತ್ರಿಕೆ ಬರೆಯುವ ಶಿಸ್ತಿನಲ್ಲಿ ಬೆಳೆದ ನನಗೆ ಅಮೆರಿಕದ ಹೈಸ್ಕೂಲು ಪರೀಕ್ಷೆಗಳ ಕ್ರಮ ಅರ್ಥವಾಗಲು ಸಾಕಷ್ಟು ಕಾಲ ಹಿಡಿಯಿತು. ವಿದ್ಯಾನಗರದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿರುವ ಅಣ್ಣನ ಮಗಳು “ಅತ್ತೆ, ಅಕ್ಕನ ಪರೀಕ್ಷೆ ಯಾವತ್ತಿಂದ?” ಎಂದು ಫೋನಿನಲ್ಲಿ ಕೇಳಿದರೆ ಈಗಲೂ ಒಂದು ದಿನಾಂಕ ಹೇಳಿ ಮುಗಿಸಲು ಆಗುವುದಿಲ್ಲ.

ಇಲ್ಲಿ ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ನೆರವಾಗುವ ಎಸ್‌ಎಟಿ ಪರೀಕ್ಷೆಯನ್ನು ಸರ್ಕಾರವಲ್ಲ, ಕಾಲೇಜ್ ಬೋರ್ಡ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತದೆ. ಆಗಸ್ಟಿನಿಂದ ಜೂನ್‌ವರೆಗೆ ಹಲವು ಶನಿವಾರಗಳಲ್ಲಿ ನಡೆಯುವ ಈ ಪರೀಕ್ಷೆಗೆ ದಿನವನ್ನೂ ಕೇಂದ್ರವನ್ನೂ ವಿದ್ಯಾರ್ಥಿಯೇ ಆರಿಸಿ, ಶುಲ್ಕ ಕಟ್ಟಿ ಹೆಸರು ನೋಂದಾಯಿಸಬೇಕು. ಸಾಮಾನ್ಯವಾಗಿ ಹನ್ನೊಂದನೆಯ ತರಗತಿಯ ಮಾರ್ಚ್ ಅಥವಾ ಮೇ ತಿಂಗಳಲ್ಲಿ ಒಮ್ಮೆ ಬರೆದು, ಅಂಕ ಸಾಲದೆನಿಸಿದರೆ ಆಗಸ್ಟ್ ಇಲ್ಲವೇ ಅಕ್ಟೋಬರಿನಲ್ಲಿ ಮತ್ತೆ ಬರೆಯುತ್ತಾರೆ. ಅನೇಕ ಕಾಲೇಜುಗಳ ಮುಂಗಡ ಅರ್ಜಿಗೆ ನವೆಂಬರ್ 1 ಕೊನೆಯ ದಿನವಾಗಿರುವುದರಿಂದ ಲೆಕ್ಕವೆಲ್ಲ ಅಲ್ಲಿಂದ ಹಿಂದಕ್ಕೆ ಸಾಗುತ್ತದೆ. ಇದರ ನಡುವೆ ಮೇ ತಿಂಗಳ ಮೊದಲ ಎರಡು ಪೂರ್ಣ ವಾರಗಳಲ್ಲಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆಗಳು ಬರುತ್ತವೆ. ವಿಷಯಕ್ಕೊಂದು ದಿನ ದೇಶದಾದ್ಯಂತ ನಿಗದಿಯಾಗಿರುವ ಇವು ಮಾತ್ರ ನಮ್ಮ ಊರಿನ ವೇಳಾಪಟ್ಟಿಯನ್ನು ಹೋಲುತ್ತವೆ.

2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಎಸ್‌ಎಟಿ ಪೂರ್ತಿಯಾಗಿ ಗಣಕೀಕೃತವಾಗಿದೆ. ಲ್ಯಾಪ್‌ಟಾಪಿನಲ್ಲಿ ಬ್ಲೂಬುಕ್ ಎಂಬ ಆ್ಯಪನ್ನು ಮೊದಲೇ ಹಾಕಿಕೊಂಡು, ಪ್ರವೇಶಪತ್ರ ಮತ್ತು ಗುರುತಿನ ಚೀಟಿಯೊಂದಿಗೆ ಬೆಳಗ್ಗೆ ಎಂಟರೊಳಗೆ ಕೇಂದ್ರದಲ್ಲಿರಬೇಕು. ಅಲ್ಲಿ ಉತ್ತರಪತ್ರಿಕೆಯ ಕಟ್ಟು ಇಲ್ಲ, ಉತ್ತರ ಬರೆಯಲು ಹೆಚ್ಚುವರಿ ಹಾಳೆಗೆ ಕೈ ಎತ್ತುವುದೂ ಇಲ್ಲ. ಮೇಲ್ವಿಚಾರಕರು ಕೊಟ್ಟ ಸಂಕೇತವನ್ನು ಒತ್ತಿದೊಡನೆ ಆ ವಿದ್ಯಾರ್ಥಿಯ ಪರದೆಯ ಮೇಲೆ ಅವಳದೇ ಗಡಿಯಾರ ಓಡತೊಡಗುತ್ತದೆ. ಓದು ಮತ್ತು ಬರಹಕ್ಕೆ 64 ನಿಮಿಷ, ಗಣಿತಕ್ಕೆ 70 ನಿಮಿಷ, ನಡುವೆ ಹತ್ತು ನಿಮಿಷದ ಬಿಡುವು. ಪ್ರತಿ ವಿಭಾಗದ ಮೊದಲರ್ಧವನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಎರಡನೆಯ ಅರ್ಧದ ಪ್ರಶ್ನೆಗಳ ಕಷ್ಟ ನಿರ್ಧಾರವಾಗುತ್ತದೆ.

ಒಂದು ದಿನ ಜ್ವರ ಬಂದರೆ ವರ್ಷವೇ ಕೈತಪ್ಪಿತು ಎಂಬ ಭಯ ಇಲ್ಲಿಲ್ಲ, ಮತ್ತು ಅದು ಬಹಳ ದೊಡ್ಡ ನೆಮ್ಮದಿ ಎಂದೇ ನಾನು ಭಾವಿಸುತ್ತೇನೆ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಮೂರು ಪರೀಕ್ಷೆಗಳ ಅವಕಾಶ ಸಿಕ್ಕಿದಾಗ ನನಗೆ ಮನಸಾರೆ ಸಂತೋಷವಾಯಿತು. ಆದರೆ ಆಯ್ಕೆಯ ಹೊರೆಯೂ ಸಣ್ಣದಲ್ಲ. ಕಡಿಮೆ ಆದಾಯದ ಕುಟುಂಬಗಳಿಗೆ ಶುಲ್ಕ ವಿನಾಯಿತಿ ಇದ್ದರೂ, ಅದನ್ನು ಕೇಳಿ ಪಡೆಯಬೇಕೆಂದು ಗೊತ್ತಿರಬೇಕು. ಹತ್ತಿರದ ಕೇಂದ್ರ ಭರ್ತಿಯಾಗುವ ಮೊದಲೇ ನೋಂದಾಯಿಸಬೇಕೆಂದು ಮನೆಯಲ್ಲಿ ಹೇಳುವವರಿರಬೇಕು. ವ್ಯವಸ್ಥೆಯ ಪರಿಚಯವಿಲ್ಲದ, ಹೊಸದಾಗಿ ವಲಸೆ ಬಂದ ಮನೆಗಳ ಮಕ್ಕಳು ಹಿಂದೆ ಬೀಳುವುದು ಇಲ್ಲಿಯೇ, ಪ್ರಶ್ನೆಪತ್ರಿಕೆಯ ಮುಂದೆ ಕೂರುವುದಕ್ಕೂ ಮೊದಲು.