ಮಗ ಹೇಳದೆ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಪ್ರಾರ್ಥನೆ. ಎಂಟೂವರೆಗೆ ಟಿವಿ ಬಂದ್ ಆಗುತ್ತದೆ, ಮೊಬೈಲುಗಳೆಲ್ಲ ಫ್ರಿಜ್ಜಿನ ಮೇಲೆ ಹೋಗುತ್ತವೆ, ಹಾಲ್‌ನಲ್ಲಿ ಚಾಪೆ ಬೀಳುತ್ತದೆ. ಅವ್ವನಿಗೆ ಮೊಣಕಾಲು ನೋವು, ಅವಳಿಗೆ ಮಾತ್ರ ಕುರ್ಚಿ. ಒಂದು ಕೀರ್ತನೆ, ಸತ್ಯವೇದದಿಂದ ಅಂದರೆ ಬೈಬಲ್ಲಿನಿಂದ ಒಂದು ಭಾಗ, ಆಮೇಲೆ ಒಬ್ಬರು ಪ್ರಾರ್ಥನೆ ಮಾಡುತ್ತಾರೆ, ಕೊನೆಗೆ ಎಲ್ಲರೂ ಒಟ್ಟಿಗೆ ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆ ಹೇಳುತ್ತೇವೆ. ಹದಿನೈದು ನಿಮಿಷ, ಜಾಸ್ತಿ ಅಂದರೆ ಇಪ್ಪತ್ತು. ನನ್ನದು ರೈಲ್ವೆಯಲ್ಲಿ ಶಿಫ್ಟ್ ಕೆಲಸ. ನಾನಿಲ್ಲದ ದಿನ ನನ್ನ ಹೆಂಡತಿ ನಡೆಸುತ್ತಾಳೆ.

ಇದು ನಾನು ಶುರು ಮಾಡಿದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ನಮ್ಮ ಹುಬ್ಬಳ್ಳಿಗೆ. ಅವರಿಂದ ಸುವಾರ್ತೆ ಕೇಳಿದ ಮನೆತನಗಳಲ್ಲಿ ನಮ್ಮದೂ ಒಂದು. ನನ್ನ ಅಜ್ಜ ಹೀಗೇ ಕೂತಿದ್ದರು, ಅಪ್ಪ ಹೀಗೇ ಕೂತಿದ್ದರು. ಅಪ್ಪ ಕೂತರೆ ನಾವು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ನಾವು ಅಪ್ಪನಿಗೆ ‘ನೀವು’ ಅನ್ನುತ್ತಿದ್ದೆವು, ದೇವರಿಗೆ ‘ನೀನು’. ಪರಲೋಕದಲ್ಲಿರುವ ತಂದೆಯ ಹತ್ತಿರ ಇದ್ದ ಸಲಿಗೆ ಪಕ್ಕದಲ್ಲಿ ಕೂತ ತಂದೆಯ ಹತ್ತಿರ ಇರಲಿಲ್ಲ. ನನ್ನ ಮಕ್ಕಳು ನನಗೆ ‘ನೀನು’ ಅನ್ನುತ್ತಾರೆ. ಅವ್ವನಿಗೆ ಅದು ಇವತ್ತಿಗೂ ಸರಿ ಬರುವುದಿಲ್ಲ. ನನಗೆ ಮಾತ್ರ ಅದು ಬೇಕು ಅನ್ನಿಸುತ್ತದೆ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಲೆಂಟ್ ದಿನಗಳು ಅವು, ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಒಂದು ಶನಿವಾರ ಮಧ್ಯಾಹ್ನ ನನ್ನ ಪಾಕೀಟಿನಲ್ಲಿ ಐನೂರರ ನೋಟೊಂದು ಕಾಣಲಿಲ್ಲ. ಆ ವಾರವಷ್ಟೇ ಮಗ ಕ್ರಿಕೆಟ್ ಟೂರ್ನಮೆಂಟಿನ ಟೀಶರ್ಟಿಗೆ ದುಡ್ಡು ಕೇಳಿದ್ದ, ನಾನು ಇಲ್ಲ ಅಂದಿದ್ದೆ. ಅವನಿಗೆ ಹದಿಮೂರು ವರ್ಷ. ಕರೆದು ಕೇಳಿದೆ. ತಗೊಂಡಿಲ್ಲ ಅಂದ. ಇನ್ನೊಮ್ಮೆ ಕೇಳಿದೆ. ‘ಇಲ್ಲಪ್ಪಾ, ಖರೇನ ನಾ ತಗೊಂಡಿಲ್ಲ’ ಅಂದು ಬೇರೆ ಕಡೆ ನೋಡಿದ. ಆ ಬೇರೆ ಕಡೆ ನೋಡಿದ್ದೇ ನನಗೆ ಸಾಕ್ಷಿಯಾಯಿತು. ಕೆನ್ನೆಗೆ ಹೊಡೆದೆ. ಅವ್ವ ಅಲ್ಲೇ ಇದ್ದಳು, ಅವನ ತಂಗಿ ಅಲ್ಲೇ ಇದ್ದಳು, ಹಾಲು ಕೊಡಲು ಬಂದ ಹೆಣ್ಣುಮಗಳು ಬಾಗಿಲಲ್ಲೇ ನಿಂತಿದ್ದಳು. ಅವನು ಅಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ರಾತ್ರಿ ಪ್ರಾರ್ಥನೆಗೆ ಕೂತು ಸತ್ಯವೇದ ತೆರೆದೆ. ಕೀರ್ತನೆಗಳ ಮಧ್ಯೆ ಚರ್ಚಿನ ಕಾಣಿಕೆಯ ಕವರು ಇತ್ತು. ನಾನು ಪ್ರತಿ ತಿಂಗಳು ಅದರಲ್ಲಿ ದುಡ್ಡು ಹಾಕಿ ಅಲ್ಲೇ ಇಡುತ್ತೇನೆ, ಮರೆಯಬಾರದು ಅಂತ. ಮೇಲೆ ನನ್ನದೇ ಅಕ್ಷರದಲ್ಲಿ ತಿಂಗಳ ಹೆಸರು. ಬಾಯಿ ಅಂಟಿಸಿರಲಿಲ್ಲ. ಒಳಗಿಂದ ಐನೂರರ ನೋಟಿನ ಅಂಚು ಕಾಣುತ್ತಿತ್ತು. ಶುಕ್ರವಾರ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ನಾನೇ ಹಾಕಿಟ್ಟಿದ್ದೆ.

ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಕವರನ್ನು ಬೆರಳಿಂದ ಒಳಗೆ ತಳ್ಳಿ ಎರಡು ಪುಟ ಮುಂದೆ ತಿರುಗಿಸಿದೆ, ಓದಿದೆ, ಪ್ರಾರ್ಥನೆ ಮಾಡಿದೆ. ಮನೆಯವರಿಗಾಗಿ, ರೋಗಿಗಳಿಗಾಗಿ, ದೇಶಕ್ಕಾಗಿ. ಮಗನ ಹೆಸರೂ ಹೇಳಿದೆ, ಅವನಿಗೆ ಒಳ್ಳೆಯ ಬುದ್ಧಿ ಕೊಡು ಅಂದೆ. ಹೊಡೆದದ್ದಕ್ಕಿಂತ ಇದು ದೊಡ್ಡ ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. ಹೊಡೆದಾಗ ನನಗೆ ಸತ್ಯ ಗೊತ್ತಿರಲಿಲ್ಲ. ಪ್ರಾರ್ಥನೆ ಮಾಡುವಾಗ ಗೊತ್ತಿತ್ತು.

ಆಮೇಲೆ ಎಲ್ಲರೂ ಒಟ್ಟಿಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರು ಮಾಡಿದೆವು. ಐದು ಜನರ ದನಿಯಲ್ಲಿ ಒಂದು ನಿಂತದ್ದು ಕಿವಿಗೆ ಬಿತ್ತು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಅನ್ನುವಲ್ಲಿ ಮಗ ಸುಮ್ಮನಾದ. ಮುಂದಿನ ಸಾಲಿಗೆ ಮತ್ತೆ ಸೇರಿಕೊಂಡ. ಸಿಟ್ಟಿನಿಂದಲ್ಲ, ಅವನ ಮುಖ ನೋಡಿದೆ. ಸುಳ್ಳು ಹೇಳಬಾರದು ಅಂತ ಬಿಟ್ಟ ಹಾಗಿತ್ತು.

ಮರುದಿನ ರವಿವಾರ, ಚರ್ಚಿನಲ್ಲಿ ಕರ್ತನ ಭೋಜನ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಗೊಳ್ಳುವ ಆರಾಧನೆ. ನಮ್ಮ ಸಿಎಸ್ಐ ಸಭೆಗಳ ಆರಾಧನೆ ಗೊತ್ತಿದ್ದವರಿಗೆ ಗೊತ್ತು, ಕಾಣಿಕೆಗಿಂತ ಮುಂಚೆ ಸಮಾಧಾನದ ವಂದನೆ ಇರುತ್ತದೆ. ಬೇರೆ ಬೇರೆ ಸಭೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ಆಯಿತಲ್ಲ, ಅದಾದ ಮೇಲೆ 1950ರಲ್ಲಿ ತಯಾರಾದ ಆರಾಧನಾ ಕ್ರಮದಲ್ಲಿ ಇದನ್ನು ಸೇರಿಸಿದರು. ಪಕ್ಕದವರ ಕೈಯನ್ನು ಎರಡೂ ಅಂಗೈಗಳ ನಡುವೆ ತಗೊಂಡು ಸಮಾಧಾನ ಹೇಳುತ್ತೇವೆ, ಅವರು ಮುಂದಿನವರಿಗೆ ದಾಟಿಸುತ್ತಾರೆ. ಅದು ಕಾಣಿಕೆಗಿಂತ ಮುಂಚೆ ಯಾಕೆ ಬರುತ್ತದೆ ಅಂದರೆ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮಾತು ಇದೆ: ಯಜ್ಞವೇದಿಯ ಹತ್ತಿರ ಕಾಣಿಕೆ ತಂದಿರುವಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು, ಆಮೇಲೆ ಬಾ. ನಾನು ಸಂಡೇ ಸ್ಕೂಲಿನಲ್ಲಿ ಆ ವಚನ ಬಾಯಿಪಾಠ ಮಾಡಿದವನು, ಬಹುಮಾನ ತಗೊಂಡವನು. ಅವತ್ತು ನನ್ನ ಜೇಬಿನಲ್ಲಿ ಅದೇ ಕವರು ಇತ್ತು, ಪಕ್ಕದಲ್ಲಿ ಮಗ ಕೂತಿದ್ದ.

ಅವನ ಕೈ ತಗೊಂಡೆ. ತಣ್ಣಗಿತ್ತು. ಅವನು ಕೊಡಬೇಕಲ್ಲ ಅಂತ ಕೊಟ್ಟ, ಬೇಗ ಎಳೆದುಕೊಂಡ. ಕಾಣಿಕೆ ಚೀಲ ಬಂದಾಗ ನಾನು ಕವರು ಹಾಕಲಿಲ್ಲ. ರೊಟ್ಟಿ ದ್ರಾಕ್ಷಾರಸ ತಗೊಳ್ಳಲು ಎದ್ದು ಹೋಗಲೂ ಇಲ್ಲ. ಹೆಂಡತಿ ಒಮ್ಮೆ ತಿರುಗಿ ನೋಡಿದಳು, ಏನೂ ಕೇಳಲಿಲ್ಲ.

ಸಂಜೆ ಹೇಳೋಣ, ಅವನನ್ನೊಬ್ಬನನ್ನೇ ಕರೆದು ಹೇಳೋಣ ಅಂದುಕೊಂಡಿದ್ದೆ. ಆದರೆ ಹೊಡೆದದ್ದು ಎಲ್ಲರ ಮುಂದೆ. ಎಲ್ಲರ ಮುಂದೆ ಹೊಡೆದು ಒಳಗೆ ಕರೆದು ತಪ್ಪಾಯಿತು ಅಂದರೆ, ಅವಮಾನ ಬಯಲಲ್ಲಿ, ಕ್ಷಮೆ ಕೋಣೆಯಲ್ಲಿ ಅನ್ನುವ ಹಾಗೆ ಆಗುತ್ತದೆ. ಹಾಗಾಗಿ ರಾತ್ರಿ ಚಾಪೆ ಮೇಲೆ ಎಲ್ಲರೂ ಕೂತ ಮೇಲೆ ಕವರು ತೆಗೆದು ನಡುವೆ ಇಟ್ಟೆ. ಮಗನ ಹೆಸರು ಹೇಳಿ, ಈ ದುಡ್ಡು ನಾನೇ ಇಟ್ಟಿದ್ದು, ನೀನು ನಿಜ ಹೇಳಿದ್ದೆ, ನಾನು ನಿನ್ನನ್ನು ನಂಬಲಿಲ್ಲ, ಹೊಡೆದೆ, ನಿನ್ನೆ ರಾತ್ರಿ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ, ನನ್ನನ್ನು ಕ್ಷಮಿಸು ಅಂದೆ. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು.

ಅವನು ಕವರು ನೋಡುತ್ತಾ ಕೂತ. ‘ಹೂಂ’ ಅಂದ. ಅಷ್ಟೇ.

ಅವ್ವನಿಗೆ ತಡೆಯಲಾಗಲಿಲ್ಲ. ‘ಹುಡುಗನ ಮುಂದ ಇಷ್ಟ ಸಣ್ಣ ಆಗಬಾರದಪಾ, ನಿಮ್ಮಪ್ಪ ಎಂದೂ ಹಿಂಗ ಮಾಡಲಿಲ್ಲ’ ಅಂದಳು. ಹೌದು, ಮಾಡಲಿಲ್ಲ. ಅಪ್ಪನ ರೀತಿ ಬೇರೆ. ವಿನಾಕಾರಣ ಹೊಡೆದಿದ್ದರೆ ಮರುದಿನ ಕೆಲಸದಿಂದ ಬರುವಾಗ ಪೇಪರಿನಲ್ಲಿ ಕಟ್ಟಿದ ಮಿರ್ಚಿ ಭಜಿ, ಗಿರ್ಮಿಟ್ ತರುತ್ತಿದ್ದರು. ಎಣ್ಣೆ ಹತ್ತಿ ಪೇಪರು ಪಾರದರ್ಶಕ ಆಗಿರುತ್ತಿತ್ತು. ಹೊಡೆಸಿಕೊಂಡವನ ಮುಂದೆಯೇ ಅದನ್ನು ಇಟ್ಟು ಅಂಗಿ ಬಿಚ್ಚಲು ಒಳಗೆ ಹೋಗುತ್ತಿದ್ದರು. ನಮಗೆ ಅರ್ಥ ಆಗುತ್ತಿತ್ತು. ಅಪ್ಪನ ಪ್ರೀತಿಯ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿಲ್ಲ. ಆದರೂ ಅವರು ಹೋಗಿ ಇಷ್ಟು ವರ್ಷ ಆದ ಮೇಲೂ ಆ ಒಂದು ಮಾತು ಅವರ ಬಾಯಿಂದ ಕೇಳಬೇಕಿತ್ತು ಅಂತ ಅನ್ನಿಸುತ್ತದೆ. ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ಹೇಳಿದ್ದು ತಂದೆಗಳಿಗೇ. 6ನೇ ಅಧ್ಯಾಯದ 4ನೇ ವಚನ. ಅದಕ್ಕಿಂತ ಮೂರು ವಚನ ಹಿಂದೆ ಇರುವ, ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು ಅನ್ನುವುದನ್ನು ನಮ್ಮ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓದಿದ್ದೇವೆ. ನಾಲ್ಕನೆಯದರ ಹತ್ತಿರ ಬಂದಾಗ ಓದು ಮುಗಿದಿರುತ್ತಿತ್ತು.

ಕ್ಷಮೆ ಕೇಳಿದ ಕೂಡಲೇ ಎಲ್ಲ ಸರಿ ಹೋಗುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ, ಹಾಗಾಗಲಿಲ್ಲ. ಆ ರಾತ್ರಿಯೂ ಮಗ ಆ ಸಾಲು ಬಿಟ್ಟ. ಮರುದಿನವೂ ಬಿಟ್ಟ. ನಾನು ದಿನಾ ಕಾಯುತ್ತಿದ್ದೆ. ನಾನು ಕೇಳಿದ್ದೇನೆ, ನೀನು ಕೊಡಬೇಕು ಅಂತ ಒಂದು ಕ್ಷಣ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕೊಡುವವನು ಅವನು. ಯಾವಾಗ ಅಂತ ಅವನೇ ಹೇಳಬೇಕು.

ಆ ದಿನಗಳಲ್ಲಿ ಆ ಸಾಲನ್ನು ನಾನು ಮೊದಲ ಸಲ ನಿಜವಾಗಿ ಕೇಳಿಸಿಕೊಂಡೆ. ಇಂಗ್ಲಿಷಿನಲ್ಲಿ ನೋಡಿ, ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವುದು ಮೊದಲು ಬರುತ್ತದೆ, ನಾವು ಕ್ಷಮಿಸಿದಂತೆ ಅನ್ನುವುದು ಆಮೇಲೆ. ಗ್ರೀಕ್ ಮೂಲದಲ್ಲೂ ಅದೇ ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕಲ್ಲ, ಹಾಗಾಗಿ ಸಾಲು ತಿರುಗಿ ಕೂತಿದೆ. ನಮ್ಮ ಪಾಲಿನದು ಮೊದಲು, ದೇವರಲ್ಲಿ ಕೇಳುವುದು ಕೊನೆಗೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ 1831ರಲ್ಲಿ ಇಡೀ ಸತ್ಯವೇದ ಕನ್ನಡಕ್ಕೆ ಬಂತು, ಆಮೇಲೆ ಎಷ್ಟೋ ಸಲ ತಿದ್ದಿದರು. ವ್ಯಾಕರಣಕ್ಕಾಗಿ ಆದದ್ದೇ ಇರಬಹುದು, ಆದರೆ ಕನ್ನಡದಲ್ಲಿ ಪ್ರಾರ್ಥನೆ ಮಾಡುವವನು ದೇವರ ಹತ್ತಿರ ಕ್ಷಮೆ ಕೇಳುವ ಮಾತು ತಲುಪಬೇಕಾದರೆ ತನಗೆ ನೋವು ಮಾಡಿದವರ ಎದುರು ಹಾದುಹೋಗಲೇಬೇಕು. ಹದಿಮೂರು ವರ್ಷದ ಹುಡುಗ ಆ ಬಾಗಿಲಲ್ಲಿ ನಿಂತುಬಿಟ್ಟಿದ್ದ. ನಾವೆಲ್ಲ ನೋಡದೆ ದಾಟುತ್ತಿದ್ದೆವು.

ಮತ್ತಾಯನ ಗ್ರೀಕಿನಲ್ಲಿ ‘ತಪ್ಪು’ ಅನ್ನುವಲ್ಲಿ ಇರುವ ಪದಕ್ಕೆ ‘ಸಾಲ’ ಅಂತ ಅರ್ಥ ಎಂದು ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು. ಅದೇ ಮತ್ತಾಯ 18ರಲ್ಲಿ ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಮೊತ್ತದ ಸಾಲ ಮನ್ನಾ ಮಾಡಿಸಿಕೊಂಡ ಆಳು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ ಕಥೆ ಇದೆ. ಒಂದು ದಿನಾರಿ ಅಂದರೆ ಆಗ ಕೂಲಿಯವನ ಒಂದು ದಿನದ ಸಂಬಳ. ಅಂದರೆ ನೂರು ದಿನದ ದುಡಿಮೆ, ಸಣ್ಣದೇನಲ್ಲ. ನಮಗೆ ಆದ ಅನ್ಯಾಯ ಸಣ್ಣದು, ಅದಕ್ಕೇ ಬಿಟ್ಟುಬಿಡು ಅಂತ ಯೇಸು ಹೇಳುವುದಿಲ್ಲ. ನನಗೆ ಇದು ಸಮಾಧಾನ ಕೊಟ್ಟಿತು, ಮಗನ ವಿಷಯದಲ್ಲಿ. ಅವನಿಗೆ ಆದದ್ದು ದೊಡ್ಡದೇ.

ಹತ್ತನೆಯದೋ ಹನ್ನೊಂದನೆಯದೋ ರಾತ್ರಿ ಅವನ ದನಿ ಆ ಸಾಲಿನಲ್ಲಿ ಇತ್ತು. ಮೆತ್ತಗೆ, ಆದರೆ ಇತ್ತು. ನಾನು ಕಣ್ಣು ತೆರೆಯಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ, ‘ಅಪ್ಪಾ, ಬರೋ ಶನಿವಾರ ನಮ್ಮ ಮ್ಯಾಚ್ ಐತಿ, ನಿನಗ ಡ್ಯೂಟಿ ಇಲ್ಲಂದ್ರ ಬಾ’ ಅಂದ. ಹೋದೆ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಕಳೆದ ವಾರ ಇನ್ನೊಂದು ಆಯಿತು. ನನ್ನ ಅಣ್ಣ ಬೆಳಗಾವಿಯಲ್ಲಿದ್ದಾನೆ. ಅಪ್ಪನ ಮನೆ ಮಾರಿದ ದುಡ್ಡಿನ ವಿಷಯದಲ್ಲಿ ನಾಲ್ಕು ವರ್ಷದಿಂದ ನಮ್ಮಿಬ್ಬರ ಮಧ್ಯೆ ಮಾತಿಲ್ಲ. ನನ್ನ ಪಾಲಿನಲ್ಲಿ ಎರಡೂವರೆ ಲಕ್ಷ ಕಡಿಮೆ ಬಂತು, ಅದು ಯಾಕೆ ಅಂತ ಅವನು ಇವತ್ತಿನವರೆಗೂ ಹೇಳಿಲ್ಲ. ಅವ್ವ ಅವನ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಅವತ್ತು ಸಂಜೆ ಅವ್ವ ಮಾತಾಡಿ ಇಟ್ಟಿದ್ದಳು, ನಾನು ಆಗಷ್ಟೇ ಒಳಗೆ ಬಂದಿದ್ದೆ, ಪ್ರಾರ್ಥನೆ ಹೊತ್ತಾಗಿತ್ತು.

ಪ್ರಾರ್ಥನೆ ಮುಗಿದು ಎಲ್ಲರೂ ಎದ್ದರು. ಮಗಳು ಚಾಪೆ ಸುತ್ತುತ್ತಿದ್ದಳು. ಅವಳಿಗೆ ಎಂಟು ವರ್ಷ. ‘ಅಪ್ಪಾ, ಇವತ್ತ ಅದನ್ನ ನೀ ಬಿಟ್ಟಿ’ ಅಂದಳು.

ಏನನ್ನ ಅಂದೆ.

‘ಅಣ್ಣಾ ಬಿಡ್ತಿದ್ನಲ್ಲಾ, ಅದನ್ನ.’

ಬಿಟ್ಟದ್ದು ನನಗೇ ಗೊತ್ತಾಗಿರಲಿಲ್ಲ. ಇವತ್ತು ಮಾತ್ರ ಬಿಟ್ಟೆನೋ, ನಾಲ್ಕು ವರ್ಷದಿಂದ ಬಿಡುತ್ತಿದ್ದೆನೋ, ಅವಳಿಗೆ ಇವತ್ತು ಕೇಳಿಸಿತೋ. ಚಾಪೆಯ ಇನ್ನೊಂದು ತುದಿ ಹಿಡಿದು ಅವಳ ಜೊತೆ ಸುತ್ತಿದೆ, ಮೂಲೆಗೆ ಇಟ್ಟೆ. ಊಟ ಆದ ಮೇಲೆ ಫ್ರಿಜ್ಜಿನ ಮೇಲಿಂದ ಮೊಬೈಲು ತಗೊಂಡು ಹೊರಗೆ ಕಟ್ಟೆಯ ಮೇಲೆ ಕೂತೆ. ಅಣ್ಣನ ನಂಬರು ಡಿಲೀಟ್ ಮಾಡಿದ್ದೆ, ಅವ್ವನ ಫೋನಿನಿಂದ ನೋಡಿ ಬರೆದುಕೊಳ್ಳಬೇಕಾಯಿತು. ಮೂರು ಸಲ ರಿಂಗ್ ಆಗಿ ಅತ್ತಿಗೆ ಎತ್ತಿದರು. ಯಾರು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಊಟ ಆಯ್ತಾ?’ ಅಂದರು.

ಈ ರವಿವಾರ ಆರಾಧನೆ ಮುಗಿಸಿ ಬೆಳಗಾವಿಗೆ ಹೋಗುತ್ತಿದ್ದೇನೆ. ದುಡ್ಡಿನ ಮಾತು ಎತ್ತುತ್ತೇನೋ ಇಲ್ಲವೋ ಇನ್ನೂ ತೀರ್ಮಾನ ಮಾಡಿಲ್ಲ. ಮಗನೂ ಬರುತ್ತೇನೆ ಅಂದಿದ್ದಾನೆ.