ಕೊಬ್ಬರಿ ಎಣ್ಣೆ ಸೋಪು, ಬೇಸಿಗೆಯಲ್ಲಿ ಮತ್ತು ಚಳಿಯಲ್ಲಿ

ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಗೇನು ಬರವೇ? ಹಾಗಾಗಿ ನನ್ನ ಸೋಪಿನ ಪ್ರಯೋಗವೆಲ್ಲ ಅದರಲ್ಲೇ. ಒಂದು ಕಿಲೋ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನಾನು 150ಕ್ಕೇ ನಿಲ್ಲಿಸುತ್ತೇನೆ. ಒಂದಿಷ್ಟು ಎಣ್ಣೆ ಸೋಪಾಗದೆ ಉಳಿಯಲಿ, ಇಲ್ಲದಿದ್ದರೆ ಮೈ ಒಣಗಿ ಬಿಳಿಚಿಕೊಳ್ಳುತ್ತದೆ.

ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸ್ಟೀಲ್ ಸಾಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ.

ನಿಜವಾದ ಆಟ ಹವಾಮಾನದ್ದು. ಡಿಸೆಂಬರ್‌ ಬೆಳಗ್ಗೆ ಎಣ್ಣೆ ಡಬ್ಬಿಯಲ್ಲೇ ಗಟ್ಟಿ, ಬಿಸಿ ಮಾಡಲೇಬೇಕು. ಏಪ್ರಿಲ್‌ನಲ್ಲಿ ಅಚ್ಚಿನೊಳಗೇ ಸೋಪಿನ ಕಾವು ಏರಿ, ನಡುಭಾಗ ಉಬ್ಬಿ ಬಿರುಕು ಬಿಡುತ್ತದೆ. ಆಗ ಅಚ್ಚಿಗೆ ಟವೆಲ್ ಹೊದಿಸುವುದಿಲ್ಲ, ಸುಮ್ನೆ ಫ್ಯಾನ್ ಕೆಳಗಿಡುತ್ತೇನೆ. ಇನ್ನೊಂದು ವಿಷಯ: ಈ ಸೋಪನ್ನು ಗಟ್ಟಿಯಾದ ಕೆಲವೇ ಗಂಟೆಗಳಲ್ಲಿ ಕತ್ತರಿಸಬೇಕು. ಮರುದಿನಕ್ಕೆ ಬಿಟ್ಟರೆ ಚಾಕು ಇಟ್ಟ ಕಡೆಯೆಲ್ಲ ಪುಡಿಪುಡಿ.

ಹೊಂಗೆ ಎಣ್ಣೆ ಬೆರೆಸಿಯೂ ನೋಡಿದೆ. ಸೋಪು ಮೆತ್ತಗೆ, ವಾಸನೆ ಜಾಸ್ತಿ. "ಪಾತ್ರೆ ಉಜ್ಜೋಕೆ ಇಟ್ಕೊಳಮ್ಮ" ಅಂದರು ಅತ್ತೆ. ಕೊಬ್ಬರಿಯದ್ದು ಮಾತ್ರ ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಕೊಡುತ್ತದೆ. ನಾಲ್ಕು ವಾರ ಒಣಗಿಸಿಯೇ ಬಳಸಿ.