ಒಂದು ಜೋಳಿಗೆ ಚೀಲ, ಒಂದು ದಿನದ ಪುಣೆ

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವಷ್ಟರಲ್ಲಿ ಸ್ವಾರ್‌ಗೇಟಿನಲ್ಲಿ ಇಳಿದಿರುತ್ತಾರೆ. ಅಲ್ಲಿ ಮುತ್ತಿಕೊಳ್ಳುವ ಆಟೋಗಳನ್ನು ಬಿಟ್ಟು ನೆಲದಡಿಯ ಮೆಟ್ರೋ ನಿಲ್ದಾಣಕ್ಕೆ ಇಳಿಯುವುದೇ ದಿನದ ಮೊದಲ ಉಳಿತಾಯ. ಲಗೇಜು ಹೆಗಲಿಗೆ ಹಾಕುವ ಒಂದು ಚೀಲಕ್ಕಿಂತ ಹೆಚ್ಚಿರಬಾರದು, ಏಕೆಂದರೆ ಮುಂದಿನದೆಲ್ಲ ಬಹುಪಾಲು ಕಾಲ್ನಡಿಗೆಯೇ.

ಶಿವಾಜಿನಗರದಲ್ಲಿ ಇಳಿದು ಮೊದಲು ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಹೋಗಬೇಕು. ಪ್ರವೇಶ ಉಚಿತ. ರಸ್ತೆಯ ಗದ್ದಲಕ್ಕಿಂತ ತುಸು ತಗ್ಗಿನಲ್ಲಿ, ಒಂದೇ ಕಪ್ಪು ಬಂಡೆಯನ್ನು ಕೊರೆದು ಮಾಡಿದ ಈ ಶಿವಾಲಯ ಎಂಟನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದು. ಪುಣೆಯೆಂದರೆ ಪೇಶ್ವೆಗಳು ಎಂದಷ್ಟೇ ತಿಳಿದು ಬಂದಿದ್ದ ನನಗೆ, ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದೆ ನಮ್ಮ ಕಡೆಯ ಅರಸರ ಕಾಲದಲ್ಲಿಯೇ ಇಲ್ಲಿ ಉಳಿಯ ಸದ್ದು ಕೇಳಿತ್ತು ಎಂಬುದು ಅಲ್ಲಿ ಕುಳಿತಾಗ ಹೊಳೆಯಿತು. ಅಂಗಳದ ದುಂಡನೆಯ ನಂದಿಮಂಟಪವನ್ನು ಒಂದು ಸುತ್ತು ಹಾಕಿ ನೋಡಿ. ಅಂಥದ್ದು ಬೇರೆಡೆ ಕಾಣಸಿಗುವುದು ಅಪರೂಪ.

ಹೊಳೆ ದಾಟಿ ನಡೆದರೆ ಶನಿವಾರವಾಡೆ. ಟಿಕೇಟಿಗೆ ನಾನು 25 ರೂಪಾಯಿ ಕೊಟ್ಟೆ. ಮೊದಲನೆಯ ಬಾಜೀರಾಯನು 1730ರಲ್ಲಿ ಅಡಿಪಾಯ ಹಾಕಿಸಿದ ಈ ಅರಮನೆ 1828ರ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಉಳಿದಿರುವುದು ಕೋಟೆಗೋಡೆ, ಬಾಗಿಲುಗಳು ಮತ್ತು ಕಟ್ಟಡಗಳ ಜಗತಿ ಮಾತ್ರ. ಅರಮನೆ ನೋಡುವ ಆಸೆಯಿಂದ ಒಳಹೊಕ್ಕವರು ನಿರಾಶರಾಗುತ್ತಾರೆ. ಆನೆಗಳು ಗುದ್ದದಂತೆ ಉಕ್ಕಿನ ಮೊಳೆಗಳನ್ನು ಜಡಿದ ದಿಲ್ಲಿ ದರವಾಜೆಯನ್ನು ನಿಧಾನವಾಗಿ ನೋಡಿ, 1773ರಲ್ಲಿ ಎಳೆಯ ಪೇಶ್ವೆ ನಾರಾಯಣರಾಯನ ಕೊಲೆಯಾದದ್ದು ಇಲ್ಲಿಯೇ ಎಂಬುದನ್ನು ತಿಳಿದುಕೊಂಡು ಹೋದರೆ ಬರಿದಾದ ಹುಲ್ಲುಹಾಸೂ ಮಾತಾಡುತ್ತದೆ.

ಶಿವಾಜಿ ಬಾಲ್ಯ ಕಳೆದ ಮನೆಯ ಜಾಗದಲ್ಲಿ ಮತ್ತೆ ಕಟ್ಟಿದ ಲಾಲ್ ಮಹಲ್, ಕಸಬಾ ಗಣಪತಿಯ ಗುಡಿ ಹತ್ತಿರದಲ್ಲಿಯೇ ಇವೆ. ಹೆಚ್ಚು ಹೊತ್ತು ಬೇಡ.

ಪುಣೆಯಲ್ಲಿ ನೆಲೆಸಿರುವ ನಮ್ಮ ಭಾವ ಮೊದಲೇ ಎಚ್ಚರಿಸಿದ್ದರು: "ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಪೇಟೆಯಲ್ಲಿ ಏನೂ ಕೊಳ್ಳಲಿಕ್ಕೆ ಹೋಗಬೇಡಿ, ಅಂಗಡಿಯವರು ಮಲಗಿರ್ತಾರೆ." ಹಾಗಾಗಿ ಮಿಸಳ್ ತಿಂದು ಆ ಹೊತ್ತನ್ನು ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯಕ್ಕೆ ಕೊಟ್ಟೆ. ದಿನದ ದುಬಾರಿ ಟಿಕೇಟು ಇದೇ, ಆದರೂ ಬಿಡಬೇಡಿ. ಒಬ್ಬನೇ ವ್ಯಕ್ತಿಯ ಹವ್ಯಾಸದಿಂದ ಕೂಡಿಬಂದ ದೀಪಗಳು, ಅಡಕೊತ್ತುಗಳು, ವಾದ್ಯಗಳು, ಕೋಥರೂಡ್ ಬಡಾವಣೆಯಿಂದ ತಂದು ಮತ್ತೆ ಜೋಡಿಸಿದ, ಬಾಜೀರಾಯನ ಮಡದಿ ಮಸ್ತಾನಿಯ ಮಹಲ್ ಎಲ್ಲವೂ ಇಲ್ಲಿವೆ. ಅಡಕೊತ್ತಿನ ಕಪಾಟಿನ ಮುಂದೆಯೇ ನನಗೆ ಕಾಲು ಗಂಟೆ ಹಿಡಿಯಿತು.

ಇಂಥದ್ದೇ ಒಂದು ಕಾಲು ಗಂಟೆ ಹಿಂದಿನ ಸಲ ಬಂದಾಗ ನನಗೆ ಮುಳುವಾಗಿತ್ತು. ಆಗಾಖಾನ್ ಅರಮನೆ ತಲುಪುವ ಹೊತ್ತಿಗೆ ಟಿಕೇಟು ಕೊಡುವುದು ನಿಂತುಹೋಗಿತ್ತು. ಈ ಬಾರಿ ಮೂರಕ್ಕೇ ಹೊರಟು, ಮಂಡೈ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಬದಲಿಸಿ ಕಲ್ಯಾಣಿನಗರದಲ್ಲಿ ಇಳಿದೆ. ಗಾಂಧೀಜಿಯವರನ್ನು 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಸೆರೆಯಲ್ಲಿಟ್ಟಿದ್ದ ಮನೆಯಿದು. ಕೋಣೆಗಳನ್ನು ಬೇಗ ನೋಡಿ ಮುಗಿಸಿ ಹಿಂದಿನ ತೋಟಕ್ಕೆ ಹೋಗಿ. ಸೆರೆಯಲ್ಲಿಯೇ ತೀರಿಕೊಂಡ ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಮತ್ತು ಮಡದಿ ಕಸ್ತೂರ್ಬಾ ಅವರ ಸಮಾಧಿಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ಇಳಿಬಿಸಿಲಿಗೆ ಜನ ಕಡಿಮೆ. ಅದೇ ಮೆಟ್ರೋದಲ್ಲಿ ಸ್ವಾರ್‌ಗೇಟಿಗೆ ಮರಳಿ ರಾತ್ರಿಯ ಬಸ್ಸು ಹತ್ತುವಾಗ, ಬೆಳಿಗ್ಗೆ ಮುರಿಸಿದ ಐನೂರರ ನೋಟಿನಲ್ಲಿ ಚಹಾಕ್ಕೆ ಇನ್ನೂ ಚಿಲ್ಲರೆ ಉಳಿದಿತ್ತು.